ಹೊಳೆ ತುಂಬಲಿ ಎಂದರು ಚಾಚಾ

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆ ಒರೆಸುವಾಗ ಹಿಂದೆಲ್ಲೋ ಸೇರಿಕೊಂಡಿದ್ದ ಗಾಜಿನ ಭರಣಿಯೊಂದು ಕೈಗೆ ಸಿಕ್ಕಿತು. ಉಪ್ಪು ಹಾಕಿ ಬಿಸಿಲಿಗಿಟ್ಟು, ಆಮೇಲೆ ಒಳಗಿಟ್ಟು ಮರೆತೇಬಿಟ್ಟಿದ್ದ ನಿಂಬೆಹಣ್ಣು. ಕಪ್ಪಗೆ ಮುದ್ದೆಯಾಗಿತ್ತು. ಮುಚ್ಚಳ ತೆಗೆದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾನ್ವಿಯ ಆ ಹಳೆಯ ಮನೆಯ ಅಂಗಳ, ಬಾವಿಕಟ್ಟೆ, ಬಾವಿಕಟ್ಟೆಯ ಮೇಲೆ ಕಾಲು ಚಾಚಿ ಕೂತು ನಿಂಬೆಹಣ್ಣು ಹೆಚ್ಚುತ್ತಿದ್ದ ಚಾಚಿ... ಎಲ್ಲ ಕಣ್ಣಮುಂದೆ ಬಂದವು.

"ಹಡಗಿನಾಗ ಹೊಟ್ಟಿ ತೊಳಸಿದ್ರ ಇದನ್ನ ನೆಕ್ಕಬೇಕಂತ" ಎಂದಿದ್ದರು ಚಾಚಿ. ಹಡಗು ಹತ್ತುವುದು ಇನ್ನೂ ಎಷ್ಟೋ ದೂರವಿತ್ತು. ಭರಣಿ ಮಾತ್ರ ಆಗಲೇ ತಯಾರಾಗಿತ್ತು.

ಇತ್ತ ನಮ್ಮ ಮನೆಯಲ್ಲೂ ಹಡಗಿನದೇ ಮಾತು ನಡೆದಿದೆ. ಮಗಳು ದಿನಾ ಫೋನಿಗೆ ಹಡಗುಗಳ ಚಿತ್ರ ಕಳಿಸುತ್ತಾಳೆ. ಮುದುಕ ಮುದುಕಿ ಇಬ್ಬರೇ ಎರಡು ಮೂರು ದಿನ ಸಮುದ್ರದ ಮೇಲೆ ತಿರುಗಾಡಿ ಬರಲಿ ಎಂದು ಅವಳ ಆಸೆ. ಯಾವ ಕಂಪನಿಯ ಹಡಗು ಬೇಕು ಎಂಬುದನ್ನು ನಾವೇ ಆರಿಸಬೇಕಂತೆ. ನನ್ನ ಯಜಮಾನರು ಕನ್ನಡಕ ಏರಿಸಿ ಕೂತು, ಒಂದರಲ್ಲಿ ಲಿಫ್ಟು ದೂರ, ಇನ್ನೊಂದರಲ್ಲಿ ಊಟಕ್ಕೆ ರೊಟ್ಟಿ ಇಲ್ಲ, ಮತ್ತೊಂದರಲ್ಲಿ ಹಗಲೂ ರಾತ್ರಿ ಹಾಡು ಹಚ್ಚುತ್ತಾರೆ ಎಂದು ಒಂದೊಂದಕ್ಕೂ ಒಂದೊಂದು ಕೊಂಕು ತೆಗೆಯುತ್ತಿದ್ದಾರೆ. ಹೆಣ್ಣು ನೋಡಲು ಹೋದಾಗಲೂ ಇವರು ಇಷ್ಟು ಯೋಚಿಸಿರಲಿಕ್ಕಿಲ್ಲ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾವು ಮಾನ್ವಿಯಲ್ಲಿದ್ದೆವು. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ನಾವಿದ್ದದ್ದು ಬಳೆ ಅಂಗಡಿಯ ಚಾಚಾ ಅವರ ಮನೆಯ ಮುಂದಿನ ಭಾಗದಲ್ಲಿ. ಹಿಂದಿನ ಭಾಗದಲ್ಲಿ ಚಾಚಾ, ಚಾಚಿ ಇಬ್ಬರೇ. ಅವರಿಗೆ ಮಕ್ಕಳಾಗಿರಲಿಲ್ಲ. ಚಾಚಾ ಜೀವಮಾನವೆಲ್ಲ ಬಳೆಯ ಪೆಟ್ಟಿಗೆ ಹೊತ್ತು ಕವಿತಾಳದ ಸಂತೆ, ದೇವದುರ್ಗದ ಸಂತೆ ಎಂದು ತಿರುಗಿದವರು. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದರು. ಮನೆಯಲ್ಲಿ ಅವರಿಬ್ಬರ ಮಾತು ದಖನಿ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ, ನಾನು ಕೇಳಿ ನ್ಯಾಯ ಹೇಳಬೇಕಲ್ಲ!

ಚಾಚಾ ಹುಟ್ಟಿ ಬೆಳೆದದ್ದು ಚೀಕಲಪರ್ವಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಚಾಚಿ ದೇವದುರ್ಗದವರು, ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಂಡವರಲ್ಲ. ಮದುವೆಯಾದ ಹೊಸತರಲ್ಲಿ ಚಾಚಾ ಅವರನ್ನು ಹರಿಗೋಲಿನಲ್ಲಿ ಕೂರಿಸಿ ಹೊಳೆ ದಾಟಿಸಿದ್ದರಂತೆ. ನಡುಹೊಳೆಯಲ್ಲಿ ಚಾಚಿ ಹೆದರಿ ಅವರ ತೋಳು ಗಟ್ಟಿಯಾಗಿ ಹಿಡಿದು, ಆಚೆ ದಂಡೆ ಯಾವಾಗ ಬರುತ್ತದೆ ಎಂದು ಕೇಳಿದರಂತೆ. ಚಾಚಾ ಗತ್ತಿನಿಂದ, "ಇಷ್ಟಕ್ಕ ಹೆದರಿದ್ರ ಹ್ಯಾಂಗ? ಆಚಿ ದಂಡೀನ ಕಾಣಲಾರದಂಥ ನೀರು ತೋರಸ್ತೀನಿ ನಿನಗ" ಎಂದಿದ್ದರಂತೆ.

ಹರೆಯದ ಗಂಡು ಹೊಸ ಹೆಂಡತಿಯ ಮುಂದೆ ಏನೇನೋ ಹೇಳುತ್ತಾನೆ. ಚಾಚಿ ಮಾತ್ರ ಆ ಮಾತನ್ನು ಮರೆಯಲೇ ಇಲ್ಲ. ಸಂತೆ, ಅಂಗಡಿ, ಮದುವೆಯ ಹಂಗಾಮು ಎಂದು ವರ್ಷಗಳು ಉರುಳಿಹೋದವು.

ನಾವು ಅಲ್ಲಿದ್ದಾಗಿನ ಒಂದು ಚಳಿಗಾಲದಲ್ಲಿ ಚಾಚಿಗೆ ಉಸಿರು ಕಟ್ಟತೊಡಗಿತು. ಪಾದ ಬಾತುಕೊಂಡವು. ಯಜಮಾನರು ಅವರನ್ನು ರಾಯಚೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹೃದಯ ಸೋತಿದೆ ಎಂದರು ಡಾಕ್ಟರು. ಔಷಧಿ ಬರೆದುಕೊಟ್ಟರು. ಎಲ್ಲಿಗಾದರೂ ಹೋಗಿ ಬರುವುದಿದ್ದರೆ ಮೈಯಲ್ಲಿ ಕಸುವಿರುವಾಗಲೇ ಹೋಗಿಬರಲಿ, ಮುಂದಿನದು ಹೇಳಲಾಗದು ಎಂದು ಚಾಚಾಗೆ ಬೇರೆಯಾಗಿ ಹೇಳಿದರಂತೆ. ಮನೆಗೆ ಬಂದ ಮೂರನೆಯ ದಿನ ಚಾಚಾ ನಮ್ಮ ಕಟ್ಟೆಗೆ ಬಂದು ಕೂತು, "ಹಡಗು ಎಲ್ಲಿಂದ ಹೊಂಡ್ತಾವ್ರಿ ಸಾಹೇಬ್ರ?" ಎಂದು ನನ್ನ ಯಜಮಾನರನ್ನು ಕೇಳಿದರು.

ನನ್ನ ಮೈದುನ ಆಗ ಶಕ್ತಿನಗರದಲ್ಲಿ ಕೆಲಸಕ್ಕಿದ್ದ. ಅವನ ಜೊತೆಗಾರನೊಬ್ಬ ಮುಂಬೈ ಕಡೆಯವನು. ಅವನಿಂದ ಕೇಳಿ ತಿಳಿದು ಮೈದುನ ಒಂದು ಭಾನುವಾರ ಬಂದು ವರದಿ ಒಪ್ಪಿಸಿದ. ಮುಂಬೈಯಿಂದ ಗೋವಾ ಕಡೆಗೆ ಹಡಗುಗಳು ಹೋಗುತ್ತವೆ, ಒಂದು ರಾತ್ರಿಯ ದಾರಿ. ಒಂದು ದೊಡ್ಡ ಕಂಪನಿಯದು, ಮಲಗಲು ಕೋಣೆಗಳಿವೆ, ದಡದಿಂದ ಬಲು ದೂರ ಹೋಗುತ್ತದೆ. ಇನ್ನೊಂದು ಸಣ್ಣ ಕಂಪನಿಯದು, ಬಂದರು ಬಂದರಿಗೂ ನಿಲ್ಲುತ್ತ ದಡದ ಪಕ್ಕದಲ್ಲೇ ಸಾಗುತ್ತದೆ. ಟಿಕೇಟು ಅಲ್ಲೇ ಬಂದರಿನಲ್ಲಿ ಸಿಗುತ್ತದೆ.

ಆ ಬೇಸಿಗೆಯೆಲ್ಲ ನಮ್ಮ ಅಂಗಳದಲ್ಲಿ ಇದೇ ಪಂಚಾಯಿತಿ. ಚಾಚಾಗೆ ಸಣ್ಣ ಹಡಗಿನ ಮೇಲೆ ಮನಸ್ಸು, ಚಾಚಿಗೆ ಉಸಿರು ಕಟ್ಟಿದರೆ ಮುಂದಿನ ಬಂದರಿನಲ್ಲಿ ಇಳಿಯಬಹುದು ಎಂದು. ಚಾಚಿ ಒಪ್ಪಲಿಲ್ಲ. ದಡದ ಪಕ್ಕ ಹೋಗುವುದಾದರೆ ಚೀಕಲಪರ್ವಿಯ ಹರಿಗೋಲು ಏನು ಪಾಪ ಮಾಡಿತ್ತು ಎಂದರು. ಹಾಗಾದರೆ ದೊಡ್ಡ ಹಡಗಿನಲ್ಲಿ ಕೋಣೆಯನ್ನಾದರೂ ಹಿಡಿಯೋಣ ಎಂದರು ಚಾಚಾ. "ನೀರು ನೋಡಾಕ ಹೋಗಿ ಬಾಗಲಾ ಹಾಕ್ಕೊಂಡು ಕುಂದ್ರಲೇನು?" ಎಂದು ಚಾಚಿ ಅದನ್ನೂ ತಳ್ಳಿಹಾಕಿದರು. ಹಡಗಿನಲ್ಲಿ ನಮಾಜಿಗೆ ಪಡುವಣ ದಿಕ್ಕು ತಿಳಿಯುವುದು ಹೇಗೆ ಎಂದು ಚಾಚಾ ಚಿಂತೆ ಮಾಡಿದರೆ, "ಸೂರ್ಯ ಅಲ್ಲಿಗೂ ಬರ್ತಾನ ತೊಗೋರಿ" ಎಂದು ನಗುತ್ತಿದ್ದರು. ಆ ಚೈತ್ರ ವೈಶಾಖದಲ್ಲಿ ಚಾಚಿ ಎಷ್ಟು ಚೆನ್ನಾಗಿದ್ದರೆಂದರೆ, ಪಾದದ ಬಾವು ಇಳಿದು, ಬಾವಿಯಿಂದ ತಾವೇ ನೀರು ಸೇದುತ್ತಿದ್ದರು. ಕೊನೆಗೆ ದೊಡ್ಡ ಕಂಪನಿಯ ಹಡಗು, ಮೇಲಿನ ತೆರೆದ ಅಂತಸ್ತಿನಲ್ಲಿ ಬೆಂಚಿನ ಮೇಲೆ ಎಂದು ತೀರ್ಮಾನವಾಯಿತು.

ಯಾವಾಗ ಹೋಗುವುದು ಎಂಬುದರಲ್ಲಿ ಮಾತ್ರ ಚರ್ಚೆಯೇ ನಡೆಯಲಿಲ್ಲ. "ಬ್ಯಾಸಗಿಯಾಗ ಯಾರು ಹಡಗ ಹತ್ತತಾರ? ನೀರು ಇಳದಿರ್ತಾವ. ಮಳಿ ಬರಲಿ, ಹೊಳಿ ತುಂಬಲಿ, ಹೋಗೂಣು" ಎಂದರು ಚಾಚಾ. ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ನಮ್ಮ ಕಡೆಯ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಬೇಸಿಗೆಯಲ್ಲಿ ಚೀಕಲಪರ್ವಿಯ ಹೊಳೆಯಲ್ಲಿ ಮರಳೇ ಮರಳು, ಬಂಡಿ ಹೊಡೆದುಕೊಂಡು ದಾಟುತ್ತಾರೆ. ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದಿರುತ್ತದೆ. ಮಳೆ ಹಿಡಿದು ಹೊಸ ನೀರು ಬಂದಾಗಲೇ ಅಂಬಿಗರು ಅದನ್ನು ನೀರಿಗಿಳಿಸುವುದು. ನೀರಿನ ಪ್ರಯಾಣಕ್ಕೆ ಮಳೆಗಾಲವೇ ಕಾಲ ಎಂದು ಹುಟ್ಟಿನಿಂದ ಕಂಡವರು ನಾವು. ಮೈದುನನ ಜೊತೆಗಾರನನ್ನು ಅದೊಂದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಇಬ್ಬರೂ ರಾಯಚೂರಿನಿಂದ ಮುಂಬೈ ರೈಲು ಹತ್ತಿದರು. ಚಾಚಿ ಹೊಸ ಬುರ್ಖಾ ತೊಟ್ಟಿದ್ದರು, ಕೈತುಂಬ ಹಸಿರು ಬಳೆ. ಬಳೆಯನ್ನು ಚಾಚಾ ತಾವೇ ಆರಿಸಿ ತೊಡಿಸಿದ್ದರು.

ಒಂದು ವಾರವಾದ ಮೇಲೆ ಬಂದರು. ಓಣಿಯ ಹೆಂಗಸರೆಲ್ಲ ಸೇರಿದರು. ಚಾಚಿ ಬಾವಿಕಟ್ಟೆಯ ಮೇಲೆ ಕೂತು ಹಡಗಿನ ಸುದ್ದಿ ಹೇಳಿದರು. ಎಷ್ಟು ದೊಡ್ಡದು, ಎಂಥ ಗಾಳಿ, ಬೆಳಗಾಗೆದ್ದು ನೋಡಿದರೆ ಸುತ್ತ ನಾಲ್ಕೂ ದಿಕ್ಕಿಗೆ ನೀರೇ ನೀರು... ಹೇಳುತ್ತ ಹೇಳುತ್ತ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಚಾಚಾ ಹೊರಗೆ ಬರಲೇ ಇಲ್ಲ. ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಎಲ್ಲರೂ ಹೋದ ಮೇಲೆ ಚಾಚಿ ನನ್ನ ಕೈಹಿಡಿದು ನಿಜ ಹೇಳಿದರು. ಬಂದರಿಗೆ ಹೋದರೆ ಗೇಟಿಗೆ ಬೀಗ. ಕಾವಲುಗಾರ ನಕ್ಕನಂತೆ. ಮಳೆಗಾಲದಲ್ಲಿ ಸಮುದ್ರಕ್ಕೆ ಹುಚ್ಚು ಹಿಡಿದಿರುತ್ತದೆ, ಹಡಗು ನಿಲ್ಲಿಸಿಬಿಡುತ್ತಾರೆ, ಮಳೆ ಮುಗಿದ ಮೇಲೆ ಶುರುವಾದರೆ ಬೇಸಿಗೆ ಮುಗಿಯುವ ತನಕ ದಿನಾ ಓಡುತ್ತವೆ ಎಂದನಂತೆ. ಬೇಸಿಗೆ ಮುಗಿಯುವ ತನಕ ಎಂಬ ಮಾತು ಕೇಳಿ ಚಾಚಾ ಅಲ್ಲೇ ಮಳೆಯಲ್ಲೇ ಕುಸಿದು ಕೂತರಂತೆ. ಎಬ್ಬಿಸಿದರೆ ಏಳಲೊಲ್ಲರು. ಕೊಡೆಯಿಲ್ಲದೆ ಇಬ್ಬರೂ ಬಹಳ ಹೊತ್ತು ತೊಯ್ದರಂತೆ. ಎದುರಿಗೆ ಮಂಜು ಕವಿದು ಸಮುದ್ರವೂ ಸರಿಯಾಗಿ ಕಾಣಲಿಲ್ಲ.

"ಹೊಳಿ ದಂಡ್ಯಾಗ ಹುಟ್ಟಿದವರು, ಹೊಳಿ ಲೆಕ್ಕಾನ ಹಾಕ್ಯಾರ. ಅವರದೇನು ತಪ್ಪದ ಮಗಳ? ಓಣ್ಯಾಗಿನ ಮಂದಿ ಅವರನ್ನ ನೋಡಿ ನಗಬಾರದು" ಎಂದರು ಚಾಚಿ. "ಸುಳ್ಳು ಹೇಳೀನಿ. ಅಲ್ಲಾ ಮಾಫ್ ಮಾಡ್ತಾನ."

ಮಳೆ ನಿಂತ ಕೂಡಲೇ ಮತ್ತೆ ಹೋಗುವುದೆಂದು ಆಯಿತು. ಮೈದುನ ಈ ಸಲ ಸರಿಯಾಗಿ ವಿಚಾರಿಸಿಕೊಂಡು ಬಂದ. ಚಾಚಿಯ ಮೈ ಕೇಳಲಿಲ್ಲ. ಆ ತೊಯ್ದ ಮೈಗೆ ಹಿಡಿದ ನೆಗಡಿ ಎದೆಗಿಳಿಯಿತು. ಮತ್ತೆ ಪಾದ ಬಾತವು, ಮುಖವೂ ಬಾತಿತು. ಮಲಗಿದರೆ ಉಸಿರಾಡಲಾಗದೆ ಗೋಡೆಗೆ ಒರಗಿ ಕೂತೇ ಹಗಲು ರಾತ್ರಿ ಕಳೆಯುತ್ತಿದ್ದರು. ಅಷ್ಟರಲ್ಲೂ ಯಾರಾದರೂ ನೋಡಲು ಬಂದರೆ ಹಡಗಿನ ಮಾತು ತೆಗೆಯುತ್ತಿದ್ದರು, ಚಾಚಾಗೆ ಕೇಳಲೆಂದು ದನಿ ಎತ್ತರಿಸಿ... ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಚಾಚಿ ಹೋಗಿಬಿಟ್ಟರು. ಅವರ ಕೈಯ ಹಸಿರು ಬಳೆ ತೆಗೆಯುವಾಗ ನಾನು ಅಲ್ಲಿ ನಿಲ್ಲಲಾರದೆ ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಚಾಚಾ ಅಳಲಿಲ್ಲ. ಯಾರೊಡನೆಯೂ ಆ ವಿಷಯ ಎತ್ತಲಿಲ್ಲ. ಕೊಟ್ಟರೆ ಉಂಡರು, ಕರೆದರೆ ಮಾತಾಡಿದರು. ಮರುವರ್ಷ ಕಲ್ಲು ಸಿಡಿಯುವಂಥ ಬಿಸಿಲಿನಲ್ಲಿ, ದೇವದುರ್ಗಕ್ಕೆ ಹೆಂಡತಿಯ ತವರಿಗೆ ಹೋಗಿಬರುತ್ತೇನೆ ಎಂದು ಹೇಳಿ ಮನೆಗೆ ಬೀಗ ಹಾಕಿಕೊಂಡು ಹೋದರು. ಐದಾರು ದಿನ ಸುಳಿವಿಲ್ಲ. ತಿರುಗಿ ಬಂದವರು ತಮ್ಮ ಬಾಗಿಲಿಗೆ ಹೋಗದೆ ನೇರವಾಗಿ ನಮ್ಮ ಕಟ್ಟೆಗೆ ಬಂದು ಕೂತರು. ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದರು. ಮುಂಬೈಗೆ ಹೋಗಿದ್ದೆ ಎಂದರು.

"ಹಡಗು ಹತ್ತಿದ್ರೇನು ಚಾಚಾ?" ಎಂದು ಕೇಳಿದೆ.

ಇಲ್ಲವೆಂದು ತಲೆಯಾಡಿಸಿದರು. ಹಡಗು ಹೊರಡುವುದನ್ನು ನೋಡುತ್ತ ನಿಂತಿದ್ದರಂತೆ. ಅವರಷ್ಟೇ ವಯಸ್ಸಾದ ಗಂಡಹೆಂಡಿರು ಚೀಲ ಹಿಡಿದು ಒಬ್ಬರಿಗೊಬ್ಬರು ಆಸರೆಯಾಗಿ ಏರುತ್ತಿದ್ದರಂತೆ. ನನ್ನ ಮುಖ ನೋಡದೆಯೇ ಹೇಳಿದರು.

"ಬ್ಯಾಸಗಿಯಾಗೂ ಸಮುದ್ರ ತುಂಬಿರ್ತದ ಮಗಳ. ಒಂದು ಗೇಣೂ ಇಳದಿದ್ದಿಲ್ಲ."

ಆಗ ಅತ್ತರು. ಅಷ್ಟು ವಯಸ್ಸಾದ ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾನೂ ಅಲ್ಲೇ ಕೂತು ಅತ್ತೆ.

ಮುಂದೆ ನಮಗೆ ರಾಯಚೂರಿಗೆ ವರ್ಗವಾಯಿತು. ಮೊದಮೊದಲು ಹಬ್ಬಕ್ಕೆ ಹೋಗಿ ಬರುತ್ತಿದ್ದೆವು, ಆಮೇಲೆ ಅದೂ ಕಡಿಮೆಯಾಯಿತು. ಚಾಚಾ ಹೋದ ಸುದ್ದಿ ನಮಗೆ ತಲುಪುವ ಹೊತ್ತಿಗೆ ಅವರ ಮಣ್ಣಾಗಿ ತಿಂಗಳಾಗಿತ್ತು. ಆ ಮನೆ ಈಗ ಇಲ್ಲ. ಬಾವಿ ಮುಚ್ಚಿ ಅಂಗಡಿ ಸಾಲು ಕಟ್ಟಿದ್ದಾರಂತೆ.

ನಿನ್ನೆ ಸಂಜೆ ಯಜಮಾನರು ಫೋನು ಕೆಳಗಿಟ್ಟು, "ಅವಸರ ಏನದ? ಮೊಣಕಾಲು ನೋವು ಕಡಿಮಿ ಆಗಲಿ, ಬರೋ ವರ್ಷ ನೋಡೂಣಂತ" ಎಂದರು. ನನಗೆಲ್ಲಿತ್ತೋ ಸಿಟ್ಟು, ಆ ಫೋನು ಎತ್ತಿಕೊಂಡು ಮಗಳಿಗೆ ಹಚ್ಚಿದೆ. ಯಾವ ಕಂಪನಿಯದು ಆರಿಸಿದಿರಿ ಎಂದು ಕೇಳಿದಳು. ಯಾವುದಾದರೂ ಆಗಲಿ, ಎಲ್ಲಕ್ಕಿಂತ ಮೊದಲು ಹೊರಡುವ ಹಡಗು ಯಾವುದೋ ಅದಕ್ಕೆ ಟಿಕೇಟು ತೆಗೆಸು ಎಂದೆ. ಯಜಮಾನರು ನನ್ನ ಮುಖ ನೋಡಿದರು, ಅವರಿಗೂ ನೆನಪಾಯಿತೋ ಏನೋ.

ಇವತ್ತು ಬೆಳಿಗ್ಗೆ ಟಿಕೇಟಾಯಿತೆಂದು ಮಗಳು ಹೇಳಿದಳು. ಸಂತೋಷವಾಯಿತು, ಇಲ್ಲವೆನ್ನಲಾರೆ. ಕೇಳಿದ ಕೂಡಲೇ ಈ ಸುದ್ದಿಯನ್ನು ಓಡಿಹೋಗಿ ಹೇಳಬೇಕು ಎಂದು ನನಗೆ ಅನಿಸಿದ್ದು ಇಬ್ಬರಿಗೆ ಮಾತ್ರ. ಆ ಇಬ್ಬರೂ ಇಲ್ಲ.