ಆಷಾಢ ಕಳೆದ ಮೇಲೆ ಬಂದ ಕಾರು

ನಮ್ಮ ಯಜಮಾನರ ಎಡಗಾಲು ಸೋಲುತ್ತಿದೆ ಎಂದು ಮೊದಲು ಗೊತ್ತಾದದ್ದು ಹಳೆಯ ಕಾರಿನ ಕ್ಲಚ್‌ನಿಂದ. ನೆದರ್ಲೆಂಡ್ಸಿನ ಆಲ್ಮೆರೆಯ ನಮ್ಮ ಮನೆಯಿಂದ ತರಕಾರಿ ಅಂಗಡಿಗೆ ಹೋಗುವ ಸಣ್ಣ ದಾರಿಯಲ್ಲೇ ಗಾಡಿ ಮತ್ತೆ ಮತ್ತೆ ಜಗ್ಗಿ ನಿಲ್ಲುತ್ತಿತ್ತು. "ಕಾರಿಗೆ ವಯಸ್ಸಾಯ್ತು ಕಣೇ" ಅಂದರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಮೆಟ್ಟಿಲು ಹತ್ತುವಾಗ ಚಪ್ಪಲಿಯ ತುದಿ ತಗಲುವುದು ಶುರುವಾಯಿತು. ಯುಗಾದಿ ಕಳೆದ ಮೇಲೆ ನರರೋಗದ ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆ. ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ನಿಲ್ಲುವುದಿಲ್ಲ. ಈ ದೇಶದ ವೈದ್ಯರು ಸುತ್ತಿ ಬಳಸಿ ಮಾತಾಡುವುದಿಲ್ಲ. ಎಲ್ಲ ಹೇಳಿ ಮುಗಿಸಿ, ಟಿಶ್ಯೂ ಡಬ್ಬವನ್ನು ನನ್ನ ಕಡೆಗೆ ಸರಿಸಿದರು.

ಇವರು ಕೇಳಿದ್ದು ಒಂದೇ: ನಾನು ಕಾರು ಓಡಿಸಬಹುದಾ?

ಆಟೊಮ್ಯಾಟಿಕ್ ಆದರೆ ಸದ್ಯಕ್ಕೆ ಓಡಿಸಬಹುದು, ಅದಕ್ಕೆ ಎಡಗಾಲು ಬೇಕಾಗುವುದಿಲ್ಲ ಎಂದರು ವೈದ್ಯರು. ಕಾಯಿಲೆ ಬಲಗಾಲಿಗೂ ಇಳಿದ ದಿನ ನಿಲ್ಲಿಸಿಬಿಡಬೇಕು.

ಇವರ ಕೆಲಸ ನೂರ್ಡ್‌ವೈಕ್‌ನಲ್ಲಿ. ರೈಲು, ಆಮೇಲೆ ಇನ್ನೊಂದು ರೈಲು, ಅದು ಇಳಿದರೆ ಬಸ್ಸು. ಕೋಲು ಹಿಡಿದುಕೊಂಡು ಹೋಗುತ್ತಿದ್ದವರು ಒಂದು ಸಂಜೆ ಬಸ್ಸು ತಿರುಗುವಾಗ ಬಿದ್ದು, ಗಲ್ಲ ಒಡೆದುಕೊಂಡು ಮನೆಗೆ ಬಂದರು. ನಾನು ಹತ್ತಿಯಲ್ಲಿ ರಕ್ತ ಒರೆಸುತ್ತಿದ್ದಾಗಲೇ ಮೊಬೈಲಿನಲ್ಲಿ ಕಾರು ಹುಡುಕತೊಡಗಿದರು. "ಬಲಗಾಲು ಇರೋವರ್ಗೂ ಯಾರ ಹಂಗೂ ಇಲ್ದೆ ಆಫೀಸಿಗೆ ಹೋಗಿ ಬರ್ತೀನಿ. ಅಷ್ಟು ಸಾಕು ನಂಗೆ" ಅಂದರು.

ಸೀಟು ಎತ್ತರವಿರುವ ಆಟೊಮ್ಯಾಟಿಕ್ ಕಾರು ಇಲ್ಲಿ ಕೊಳ್ಳಹೋದರೆ ಬೆಲೆ ಕೈಗೆಟುಕುವಂತಿರಲಿಲ್ಲ, ಕಾಯುವುದೂ ಚಳಿಗಾಲದ ತನಕ. ಮುಂದೆ ಸಂಬಳ ಇಳಿಯುವುದು ಖಚಿತ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಎಲ್ಲರ ಉತ್ತರವೂ ಒಂದೇ: ಗಡಿ ದಾಟಿ ಜರ್ಮನಿಯಿಂದ ತನ್ನಿ ಸಾರ್, ಇಲ್ಲಿನ ತೆರಿಗೆ ಕಟ್ಟಿದರೂ ಲಾಭವೇ. ಹೋಗಿ ನೋಡಿದೆವು. ಗಡಿಯಾಚೆಯ ಸಣ್ಣ ಊರಿನ ಶೋರೂಮಿನಲ್ಲಿ ನಮಗೆ ಬೇಕಾದದ್ದೇ ಹೊಚ್ಚ ಹೊಸದು ನಿಂತಿತ್ತು. ಇವರು ಊರ ಹೊರಗಿನ ಜೋಳದ ಹೊಲಗಳವರೆಗೂ ಓಡಿಸಿಕೊಂಡು ಹೋಗಿ ಬಂದರು. ತಿಂಗಳುಗಟ್ಟಲೆ ಬಿಗಿದುಕೊಂಡಿದ್ದ ಮುಖ ಅವತ್ತು ಸಡಿಲವಾಗಿತ್ತು. ದುಡ್ಡು ಕಟ್ಟಿದರೆ ವಾರದೊಳಗೆ ತಗೊಂಡು ಹೋಗಬಹುದು ಎಂದರು ಶೋರೂಮಿನವರು.

ಆ ಭಾನುವಾರ ಮೈಸೂರಿಗೆ ಫೋನು ಮಾಡಿದಾಗ ಇವರು ಖುಷಿಯಲ್ಲಿ ಬಾಯಿಬಿಟ್ಟರು. ಅತ್ತೆ ನನ್ನ ಮೈದುನನ ಮನೆಯಲ್ಲಿದ್ದಾರೆ. ಕಾಯಿಲೆಯ ವಿಷಯ ಅವರಿಗೆ ಹೇಳಿರಲಿಲ್ಲ. ದಸರೆಗೆ ಹೋದಾಗ ಎದುರಿಗೆ ಕೂತು ಹೇಳುವುದೆಂದು ಇವರ ತೀರ್ಮಾನ.

"ಆಷಾಢ ಹುಟ್ಟಿದೆಯಲ್ಲೋ! ಆಷಾಢದಲ್ಲಿ ಯಾರಾದ್ರೂ ಹೊಸ ಗಾಡಿ ಮನೆಗೆ ತರ್ತಾರಾ?" ಅಂದರು ಅತ್ತೆ. "ನಿಮ್ಮಪ್ಪ ಒಂದು ಸೈಕಲ್ ತರೋಕೂ ಶ್ರಾವಣ ಕಾದ್ರು."

"ಇಲ್ಲಿ ಅದೆಲ್ಲ ಏನ್ ಲೆಕ್ಕಮ್ಮ."

"ಅಲ್ಲಿ ಚಂದ್ರ ಬೇರೆ ಇದಾನಾ? ಅಷ್ಟೇನೋ ಅರ್ಜೆಂಟು ನಿಂಗೆ? ಇರೋ ಕಾರಿಗೆ ಏನಾಗಿದೆ?"

ಇವರು ನನ್ನ ಮುಖ ನೋಡಿದರು. ಅರ್ಜೆಂಟು ಏನು ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. "ಏನೂ ಆಗಿಲ್ಲಮ್ಮ, ಸರಿ, ಶ್ರಾವಣದಲ್ಲೇ ತರ್ತೀನಿ" ಅಂದುಬಿಟ್ಟರು.

ವಾಗೆನಿಂಗನ್‌ನಲ್ಲಿ ಓದುತ್ತಿರುವ ಮಗಳು ಫೋನಿನಲ್ಲೇ ಸಿಡುಕಿದಳು. "ಅಜ್ಜಿಗೆ ಹೇಳಿಬಿಡಿ ಅಪ್ಪ, ಪ್ಲೀಸ್. ಒಂದ್ ತಿಂಗಳು ಯಾಕೆ ವೇಸ್ಟ್ ಮಾಡ್ತೀರ?"

"ಒಂದ್ ತಿಂಗಳಲ್ಲಿ ಏನೂ ಆಗಲ್ಲ ಪುಟ್ಟ."

ಆ ತಿಂಗಳು ಇವರು ದಿನಾ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಬಲಗಾಲಿನ ಬೆರಳುಗಳನ್ನು ಎತ್ತಿ ಇಳಿಸಿ ನೋಡಿಕೊಳ್ಳುತ್ತಿದ್ದರು. ನಾನು ಹೊದಿಕೆ ಮಡಚುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. "ಬ್ರೇಕಿಗೆ ಇಷ್ಟು ಸಾಕು ಕಣೇ, ಇಲ್ಲಿ ಹೇಗೂ ಎಲ್ಲ ಕಡೆ ಸ್ಪೀಡ್ ಕ್ಯಾಮೆರಾ" ಎಂದು ನಗಿಸುತ್ತಿದ್ದರು. ಆಷಾಢದ ಕೊನೆಗೆ ಆ ತಮಾಷೆ ನಿಂತಿತು. ಬೆರಳು ನೋಡಿಕೊಳ್ಳದೆ ಸಾಕ್ಸು ಹಾಕಿಕೊಂಡೇ ಏಳತೊಡಗಿದರು.

ಶ್ರಾವಣದ ಮೊದಲ ಶುಕ್ರವಾರ ಇವರ ಸ್ನೇಹಿತರೊಬ್ಬರನ್ನು ಜತೆ ಮಾಡಿಕೊಂಡು ಹೋದೆವು. ಶೋರೂಮಿನ ಅಂಗಳದಲ್ಲಿ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಕುಂಕುಮ ಹಚ್ಚಿದೆ. ಇವರು ಸ್ಟಿಯರಿಂಗ್ ಹಿಡಿದು ನಿಂಬೆಹಣ್ಣು ದಾಟಿಸಿ, ಗೇಟಿನವರೆಗೆ ಬಂದು ನಿಲ್ಲಿಸಿದರು. ಇಂಜಿನ್ ಆರಿಸದೆ ಹಿಂದಿನ ಸೀಟಿನಲ್ಲಿದ್ದ ಸ್ನೇಹಿತರ ಕಡೆ ತಿರುಗಿದರು.

"ಇವತ್ಯಾಕೋ ಕಾಲು ಜೋಮು ಹಿಡ್ದಿದೆ. ಹೈವೇಲಿ ನೀನೇ ಓಡಿಸಪ್ಪ."

"ಓಡಿಸ್ತೀನಿ ಬಿಡೋ, ಹೊಸ ಗಾಡಿ ನಂಗ್ಯಾವಾಗ ಸಿಗುತ್ತೆ" ಎಂದು ಸ್ನೇಹಿತರು ಬೇಗ ಬೇಗ ಇಳಿದು ಬಂದರು.

ಜರ್ಮನಿಯ ತಾತ್ಕಾಲಿಕ ನಂಬರು ಕೆಲವೇ ದಿನದ್ದು. ಅದು ಮುಗಿದ ಮೇಲೆ ಕಾರು ನಮ್ಮ ಮನೆಯ ಮುಂದೆ ನಂಬರಿಲ್ಲದೆ ನಿಂತಿತು. ಇಲ್ಲಿನ ತಪಾಸಣೆ, ತೆರಿಗೆ, ನೋಂದಣಿ ಮುಗಿಯದೆ ರಸ್ತೆಗೆ ಇಳಿಸುವಂತಿಲ್ಲ. ಬೇಸಿಗೆ ರಜೆ, ಎಲ್ಲೆಲ್ಲೂ ಅರ್ಧಕ್ಕರ್ಧ ಜನ ಊರಲ್ಲಿಲ್ಲ. ಅದರ ಮೇಲೆ ನಮಗೆ ಗೊತ್ತಿಲ್ಲದ ಇನ್ನೊಂದು ತೊಡಕು: ಗುಂಪಿನವರು ತಂದಿದ್ದೆಲ್ಲ ಓಡಿದ ಕಾರುಗಳು, ನಮ್ಮದು ಹೊಸದು. ಹೊಸ ಕಾರಿಗೆ ಇಲ್ಲಿನ ಮಾರಾಟ ತೆರಿಗೆಯನ್ನೂ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ಆಮೇಲೆ ವಾಪಸ್ ಕೇಳಿಕೊಳ್ಳಬೇಕು. ಜರ್ಮನಿಗೆ ಮತ್ತೆ ಬರೆದು ಕಾಗದ ತರಿಸುವಷ್ಟರಲ್ಲಿ ಗಣೇಶನ ಹಬ್ಬ ಬಂತು.

ಇವರು ದಿನಾ ಸ್ಟೂಲು ಹಾಕಿಕೊಂಡು ಕಾರು ಒರೆಸುತ್ತಿದ್ದರು. ಎದುರು ಮನೆಯ ಡಚ್ ಅಜ್ಜಿ ನಾಯಿ ಹಿಡಿದುಕೊಂಡು ಹೋಗುವಾಗಲೆಲ್ಲ ಯಾವಾಗ ಓಡಿಸ್ತೀರಿ ಎಂದು ಕೇಳುವರು. "ಬಿನ್ನೆನ್‌ಕೋರ್ಟ್" ಎನ್ನುವರು ಇವರು. ಸದ್ಯದಲ್ಲೇ ಎಂದು ಅರ್ಥ. ಸೆಪ್ಟೆಂಬರ್ ಹೊತ್ತಿಗೆ ಸ್ಟೂಲಿನಿಂದ ಏಳಲು ನನ್ನ ಭುಜ ಬೇಕಾಯಿತು. ಆ ತಿಂಗಳ ತಪಾಸಣೆಯಲ್ಲಿ ವೈದ್ಯರು ಬಲ ಪಾದವನ್ನು ಅಂಗೈಯಲ್ಲಿ ಒತ್ತಿ ಹಿಡಿದು "ತಳ್ಳಿ" ಅಂದರು. ಇವರು ತಳ್ಳಿದರು. ವೈದ್ಯರು ಮತ್ತೊಮ್ಮೆ "ತಳ್ಳಿ" ಅಂದರು. ಇನ್ನು ಕಾರು ಓಡಿಸಬೇಡಿ ಎಂದು ಅವರು ಬಾಯಿಬಿಟ್ಟು ಹೇಳುವ ಮೊದಲೇ ನಮಗೆ ತಿಳಿದಿತ್ತು.

ಅದೇ ವಾರ, ಇಲ್ಲಿನ ಎಲ್ಲ ಕಾರಿಗೂ ಇರುವಂಥ ಹಳದಿ ನಂಬರ್ ಪ್ಲೇಟು ಬಂತು. ಸ್ನೇಹಿತರು ಬಂದು ಕೂರಿಸಿಕೊಟ್ಟು ಹೋದರು. ಸುಮ್ಮನೆ ಒಂದು ಸಲ ಕೂರುತ್ತೇನೆ ಎಂದು ಇವರು ಡ್ರೈವರ್ ಸೀಟು ಹತ್ತಿದರು. ಕಾಲುಗಳನ್ನು ನಾನೇ ಎತ್ತಿ ಒಳಗಿಟ್ಟೆ. ಪಕ್ಕದಲ್ಲಿ ಬಂದು ಕೂರುವಷ್ಟರಲ್ಲಿ ಅತ್ತೆಯ ವಿಡಿಯೊ ಕರೆ.

"ಬಂತೇನೋ ನಂಬರು? ಎಲ್ಲಿ, ಓಡಿಸು, ನೋಡ್ತೀನಿ."

ಇವರು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿನ ಗಾಜನ್ನೇ ನೋಡುತ್ತಿದ್ದರು.

"ಯಾಕೋ? ಕೀ ಇಲ್ವಾ?"

"ಅಮ್ಮ, ನನ್ ಕೈಲಿ ಓಡಿಸೋಕಾಗಲ್ಲ" ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಎದುರಿಗೆ ಕೂತು ಹೇಳಬೇಕೆಂದಿದ್ದನ್ನು ನನ್ನ ಅಂಗೈಯಷ್ಟು ಪರದೆಗೆ ಹೇಳಿದರು.

"ಕಾಲು ತೋರಿಸು" ಅಂದರು ಅತ್ತೆ ಕೊನೆಗೆ.

ನಾನು ಬಗ್ಗಿ ಫೋನನ್ನು ಕೆಳಗೆ ಹಿಡಿದೆ. ಪೆಡಲಿನ ಪಕ್ಕ ಬೂಟುಗಳೆರಡೂ ವಾಲಿಕೊಂಡಿದ್ದವು.

"ಯಾವಾಗಿಂದ?"

"ಯುಗಾದಿಗೆ ಮುಂಚಿಂದ."

ಅತ್ತೆ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಗೊತ್ತಾಯಿತು. "ಅಂದ್ರೆ ನಾನು ಆವತ್ತು ಬೇಡ ಅಂದಾಗ..."

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ಕಾಗದ ಪತ್ರ ಬರೋದೇ ಲೇಟಾಯ್ತು" ಎಂದರು ಇವರು, ಒಂದು ಚೂರೂ ತಡವರಿಸದೆ.

ಅತ್ತೆ ನನ್ನನ್ನು ಕೇಳಿದರು: "ಹೌದೇನಮ್ಮ?"

"ಹೌದು ಅತ್ತೆ" ಅಂದೆ.

ನಾನೇ ಓಡಿಸುತ್ತೇನೆ ಎಂದೆ. ಇವರನ್ನು ಇಳಿಸಿ, ಬಳಸಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂರಿಸುವಷ್ಟರಲ್ಲಿ ಇಬ್ಬರೂ ಬೆವತಿದ್ದೆವು. ಫೋನು ಇಡಬೇಡ ಅಂದರು ಅತ್ತೆ. ಮಗನ ಮುಖ ಕಾಣುವಂತೆ ಡ್ಯಾಶ್‌ಬೋರ್ಡಿಗೆ ಒರಗಿಸಿದೆ. ನನಗೆ ಲೈಸೆನ್ಸಿದ್ದರೂ ಈ ದೇಶದಲ್ಲಿ ಪೇಟೆ ಬಿಟ್ಟು ಆಚೆ ಓಡಿಸಿದವಳಲ್ಲ. ಮೊದಲ ವೃತ್ತದಲ್ಲೇ ತಡಬಡಾಯಿಸಿದೆ. ಹಿಂದಿನವರು ಹಾರ್ನ್ ಹೊಡೆದರು.

"ಸೆಕೆಂಡ್ ಎಕ್ಸಿಟ್ಟು ಕಣೇ, ಸೆಕೆಂಡು! ಮಿರರ್ ನೋಡು!" ಎಂದು ಇವರು ಕೂಗಿದರು.

"ಬೈಬೇಡ ಅವಳಿಗೆ. ಇನ್ಮೇಲೆ ಅವಳೇ ಅಲ್ವಾ ಓಡಿಸ್ಬೇಕಾದೋಳು" ಅಂದರು ಅತ್ತೆ, ಫೋನಿನೊಳಗಿಂದ.