ಗುಸುಗುಸು ಮಾಡಬಾರದು

ತರಗತಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಮಕ್ಕಳಿಗೆ ಉಪದೇಶ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಪುಣೆಯಲ್ಲಿ ಇರಲಿಲ್ಲ. ಅದನ್ನು ಪಾಲಿಸುವುದರಲ್ಲಿ ನನ್ನಷ್ಟು ಹಿಂದುಳಿದವರೂ ಇರಲಿಲ್ಲ. ಪ್ರತಿ ಜೂನ್‌ನಲ್ಲಿ ಐದನೆಯ ತರಗತಿಯ ಮಕ್ಕಳೆದುರು ನಿಂತು, ನೆಟ್ಟಗೆ ಕೂಡಬೇಕು, ತೂಕಡಿಸಬಾರದು, ಗುಸುಗುಸು ಮಾಡಬಾರದು, ಗುರುಗಳು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಅದೇ ನಾನು ಶಿಕ್ಷಕರ ತರಬೇತಿಗೆ ಹೋದರೆ ಕೊನೆಯ ಬೆಂಚು ಹುಡುಕಿ, ಮಧ್ಯಾಹ್ನದ ಊಟಕ್ಕೆ ಏನು ಮಾಡಿದ್ದಾರೆಂದು ಪಕ್ಕದವರ ಕಿವಿಯಲ್ಲಿ ಕೇಳಿ, ಉಂಡ ಮೇಲೆ ನಿದ್ದೆ ಹೋಗುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮಕ್ಕಳ ಬಾಯಿ ಮುಚ್ಚಿಸುವ ಮಂತ್ರ ಎಲ್ಲ ಭಾಷೆಗಳಲ್ಲೂ ಇರಬೇಕು. ನಮ್ಮದು ‘ಕೈ ಕಟ್, ಬಾಯ್ ಮುಚ್’. ನಮ್ಮ ಕನ್ನಡ ಶಾಲೆಯ ಗೋಡೆಯಾಚೆ ಮರಾಠಿ ಶಾಲೆ. ಅಲ್ಲಿಂದ ‘ಹಾತಾಚಿ ಘಡಿ, ತೋಂಡಾವರ ಬೋಟ್’ ಎಂದು ಕೇಳಿಸುತ್ತಿತ್ತು. ಅಂದರೆ ಕೈ ಕಟ್ಟಿಕೊಂಡೇ ತುಟಿಯ ಮೇಲೆ ಬೆರಳಿಡಬೇಕು. ಎರಡೇ ಕೈಯಲ್ಲಿ ಇದು ಹೇಗಾದೀತೆಂದು ಮನೆಯಲ್ಲಿ ಕನ್ನಡಿಯ ಮುಂದೆ ಪ್ರಯತ್ನಿಸಿದ್ದೇನೆ. ಹೆಂಡತಿ ನೋಡಿ, ಬಂದ ಹೆಜ್ಜೆಯಲ್ಲೇ ಒಳಗೆ ಹೋದಳು.

ತೊಂಬತ್ತರ ದಶಕದ ಒಂದು ವರ್ಷ ರೇಣುಕಾ ಎಂಬ ಹುಡುಗಿ ಮರಾಠಿ ಶಾಲೆ ಬಿಟ್ಟು ನಮ್ಮಲ್ಲಿಗೆ ಬಂದಳು. ವಿಜಾಪುರದ ಕಡೆಯಿಂದ ಬಂದು ಬಟ್ಟೆ ಅಂಗಡಿ ಹಾಕಿದ್ದ ಮನೆತನ. ಪಕ್ಕದಲ್ಲಿ ಕೂತವಳು ಭಾರತಿ, ಉಡುಪಿ ಕಡೆಯ ಹೋಟೆಲಿನವರ ಮಗಳು. ನಾನು ಪಾಠ ಶುರುಮಾಡಿದರೆ ಭಾರತಿಯ ಗುಸುಗುಸುವೂ ಶುರು. ಎರಡು ಸಲ ಗದರಿಸಿದೆ. ಮೂರನೆಯ ಸಲ ಎಬ್ಬಿಸಿ ಮೊದಲ ಬೆಂಚಿಗೆ ತಂದು ಕೂಡಿಸಿದೆ. ತರಗತಿ ಎಷ್ಟು ಶಾಂತವಾಯಿತೆಂದರೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ವಾರ ಕಳೆಯುವಷ್ಟರಲ್ಲಿ ರೇಣುಕಾಳ ಅಜ್ಜಿ ಬಂದರು, ಮೊಮ್ಮಗಳ ಹೆಸರು ತೆಗೆಸಲು.

“ನಮ್ಮ ಕೂಸು ಸಾಲಿ ಒಲ್ಲೆ ಅಂತ ಅಳತಾಳ್ರಿ ಮಾಸ್ತರ. ನೀವು ಹೇಳೂದು ಒಂದೂ ತಿಳಿಯೂದಿಲ್ಲಂತ. ಮೊದಲ ಬಾಜೂದಾಕಿ ಮರಾಠಿಯೊಳಗ ತಿಳಿಸಿ ಹೇಳತಿದ್ಲಂತ, ಈಗ ಆಕಿನೂ ಇಲ್ಲಂತ.”

ನನಗೆ ಕೂತ ಕುರ್ಚಿ ಚುಚ್ಚತೊಡಗಿತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು.

“ಮನ್ಯಾಗ ಮಗಾ, ಸೊಸಿ ಎಲ್ಲಾರೂ ಮರಾಠೀನ. ನನಗ ಅದು ಬಾಯಾಗ ಹೊಳ್ಳೂದಿಲ್ರಿ. ಒಬ್ಬಾಕಿನಾದ್ರೂ ನನ್ನ ಕೂಡ ಕನ್ನಡದಾಗ ಮಾತಾಡಲಿ ಅಂತ ಹಟಾ ಮಾಡಿ ಇಲ್ಲಿ ಹಚ್ಚಿಸಿದ್ದೆ. ಆಗಲಿ ಬಿಡ್ರಿ.”

ಆ ‘ಆಗಲಿ ಬಿಡ್ರಿ’ ನನ್ನನ್ನು ಕೊಂದುಹಾಕಿತು. ಒಂದು ತಿಂಗಳು ತಡೆಯಿರೆಂದು ಕೈ ಮುಗಿದೆ. ಅಜ್ಜಿ ಒಪ್ಪಿದ ಮೇಲೆ ಭಾರತಿಯನ್ನು ಕರೆದು, ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ನೀವು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ನೀವೇ ಹೇಳಿದ್ದಲ್ವಾ ಸರ್?” ಎಂದಳು. ನನ್ನ ಉಪದೇಶದ ಆ ಒಂದು ಮಾತನ್ನಾದರೂ ಅಕ್ಷರಶಃ ಪಾಲಿಸಿದ ಒಬ್ಬಳೇ ವಿದ್ಯಾರ್ಥಿನಿಗೆ ನಾನು ಶಿಕ್ಷೆ ಕೊಟ್ಟಿದ್ದೆ.

ಅಂದೇ ಅವಳನ್ನು ಹಳೆಯ ಜಾಗಕ್ಕೆ ಕಳಿಸಿದೆ. ಒಂದು ವಾಕ್ಯ ಹೇಳುವುದು, ಗುಸುಗುಸು ಮುಗಿಯುವ ತನಕ ಕಾಯುವುದು, ಮುಂದಿನದನ್ನು ಹೇಳುವುದು. ಹೀಗೆ ಪಾಠ ಸಾಗಿತು. ಹಾಗೆ ತಡೆದು ತಡೆದು ಹೇಳಿದಾಗ ಉಳಿದ ಮಕ್ಕಳಿಗೂ ಚೆನ್ನಾಗಿ ತಿಳಿಯಿತು. ದೀಪಾವಳಿ ರಜೆ ಮುಗಿಸಿ ಬಂದಾಗ ಭಾರತಿಗೆ ಪಿಸುಗುಟ್ಟುವ ಕೆಲಸ ಬಹಳ ಕಡಿಮೆಯಾಗಿತ್ತು.

ಸಂಕ್ರಾಂತಿಗೆ ಅಜ್ಜಿ ಕುಸುರೆಳ್ಳು ಹಿಡಿದುಕೊಂಡು ಮತ್ತೆ ಬಂದರು. ಈ ಸಲವೂ ದೂರೇ. ಆದರೆ ದೂರು ಹೇಳುವವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ಏನ್ ಹೇಳ್ಲಿರಿ ಮಾಸ್ತರ, ಸಾಲಿಂದ ಬಂದಾಕಿ ಮಲಗೂತನಕ ನನ್ನ ಬಾಜೂಕ ಕುಂತು ಕನ್ನಡದಾಗ ಒಂದ ಸವನ ವಟಾವಟಾ ಅಂತಾಳ. ಜಪಾ ಸುದ್ದಾ ಮಾಡಗೊಡೂದಿಲ್ಲ. ಸ್ವಲ್ಪ ಬಾಯಿ ಮುಚ್ಚಿ ಕೂಡೂದನ್ನೂ ಕಲಸ್ರಿ.”

“ಅವ್ವಾರ, ಅದನ್ನ ಕಲಸೂದು ನಾ ಬಿಟ್ಟೀನ್ರಿ,” ಎಂದೆ.