ಕೂರಲಾರದ ಸಲಹೆಗಾರರು
ಪಿಂಚಣಿ ಯೋಜನೆಗಳ ಮೇಲೆ ಕಣ್ಣಿಡುವ ಸ್ವತಂತ್ರ ಸಲಹಾ ಮಂಡಳಿಯ ಈ ಹಿರಿಯ ಸದಸ್ಯರಿಗೆ ಕುರ್ಚಿಯಲ್ಲಿ ಕೂತು ಗೊತ್ತೇ ಇಲ್ಲ. ಸಭೆಯಲ್ಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಮಾತಾಡುತ್ತಾರೆ. ಅದೂ ಸಾಲದಾದರೆ ಪಿಂಚಣಿ ಕಚೇರಿಗೆ ಹೋಗಿ, ಕೆಲಸವಿಲ್ಲದಿದ್ದರೂ ಸರದಿಯಲ್ಲಿ ನಿಂತು, ಮುದುಕರ ಗೋಳು ಕೇಳಿಕೊಂಡು ಬರುತ್ತಾರೆ. ಮನೆಯಲ್ಲೂ ಸಲಹೆ ಕೊಡುವ ಚಾಳಿ ಬಿಟ್ಟಿಲ್ಲ. “ಪಲ್ಯಕ್ಕೆ ಉಪ್ಪು ಸಾಲದು ಅಂತ ಮಂಡಳಿಯ ಅಭಿಪ್ರಾಯ” ಎಂದರೆ, ಹೆಂಡತಿ ಪಿಂಚಣಿ ಇಲಾಖೆಯ ಧಾಟಿಯಲ್ಲೇ “ಪರಿಶೀಲಿಸ್ತೀವಿ ಬಿಡಿ” ಎನ್ನುತ್ತಾರೆ. ವಯಸ್ಸಾದವರ ಕೈ ನಡುಗಿ ಸಹಿ ಬದಲಾದರೆ ಪಿಂಚಣಿ ತಡೆಯಬಾರದೆಂದು ಇವರು ಹನ್ನೊಂದು ವರ್ಷದಿಂದ ವರದಿಯಲ್ಲಿ ಬರೆಯುತ್ತಿದ್ದಾರೆ; ಇಲಾಖೆ ಹನ್ನೊಂದು ವರ್ಷದಿಂದ ಪರಿಶೀಲಿಸುತ್ತಿದೆ. ಈ ವರ್ಷದ ವರದಿ ಮೊನ್ನೆ ಇಲಾಖೆಯಿಂದ ವಾಪಸ್ ಬಂತು. ಮಂಡಳಿಯ ಗುಮಾಸ್ತ ತಲೆ ತಗ್ಗಿಸಿ ಹೇಳಿದ: “ಸಾರ್, ಕೊನೇ ಪುಟದಲ್ಲಿರೋ ನಿಮ್ಮ ಸಹಿ ಹೋದ ವರ್ಷದ್ದಕ್ಕೆ ಹೋಲ್ತಾ ಇಲ್ವಂತೆ.” ಅವರು ಕುರ್ಚಿ ಎಳೆದುಕೊಂಡು ಕೂತರು.